ಹದಿನೈದಾದರೂ ಮುಟ್ಟಾಗದಿದ್ದರೆ

ಮಗಳು ಎಸ್ಸೆಸ್ಸೆಲ್ಸಿ ಮುಗಿಸಿದ್ದಾಳೆ. ಎತ್ತರ, ಮೈಕಟ್ಟು, ಎದೆಯ ಬೆಳವಣಿಗೆ ಎಲ್ಲವೂ ಓರಗೆಯವರಂತೆಯೇ ಇವೆ. ಆದರೆ ಇನ್ನೂ ದೊಡ್ಡವಳಾಗಿಲ್ಲ. ಕೊಟ್ಟೂರು, ಕೂಡ್ಲಿಗಿ, ಹಡಗಲಿ ಕಡೆ ಇಂಥ ಹೊತ್ತಿನಲ್ಲಿ ಕೊಟ್ಟೂರೇಶ್ವರನಿಗೆ ಹರಕೆ ಹೊರುವವರುಂಟು. ಬೇಡವೆನ್ನುವುದಿಲ್ಲ, ಜೊತೆಗೆ ಒಂದು ಸ್ಕ್ಯಾನಿಂಗ್ ಕೂಡ ಮಾಡಿಸಿ.

15 ತುಂಬಿದರೂ ಮುಟ್ಟಾಗದಿದ್ದರೆ, ಅಥವಾ 13 ಆದರೂ ಎದೆ ಮೂಡದಿದ್ದರೆ ಸ್ತ್ರೀರೋಗ ತಜ್ಞರಿಗೆ ತೋರಿಸಬೇಕು. ತೀರಾ ಕಡಿಮೆ ತೂಕ, ಹಾರ್ಮೋನುಗಳ ಏರುಪೇರು ಹೀಗೆ ಕಾರಣಗಳು ಹಲವು. ಅಪರೂಪದ ಒಂದು ಕಾರಣವೆಂದರೆ ಹುಟ್ಟಿನಿಂದಲೇ ಗರ್ಭಕೋಶ ಬೆಳೆಯದಿರುವುದು. ಸುಮಾರು 5000 ಹೆಣ್ಣುಮಕ್ಕಳಲ್ಲಿ ಒಬ್ಬರಿಗೆ ಹೀಗಾಗುತ್ತದೆ. ಇದನ್ನು ಗುರುತಿಸಿದ ನಾಲ್ವರು ವೈದ್ಯರ ಹೆಸರಿನಲ್ಲಿ ಮೇಯರ್-ರೋಕಿಟಾನ್ಸ್ಕಿ-ಕುಸ್ಟರ್-ಹೌಸರ್ ಎನ್ನುತ್ತಾರೆ; ಚುಟುಕಾಗಿ ಎಂ.ಆರ್.ಕೆ.ಎಚ್.

ತಾಯಿಯ ಹೊಟ್ಟೆಯಲ್ಲಿ ಮೊದಲ ಮೂರು ತಿಂಗಳೊಳಗೆ ಹೆಣ್ಣು ಭ್ರೂಣದಲ್ಲಿ ಎರಡು ಸಣ್ಣ ನಾಳಗಳು ಒಂದಾಗಿ ಗರ್ಭಕೋಶವೂ ಯೋನಿಯ ಮೇಲ್ಭಾಗವೂ ರೂಪುಗೊಳ್ಳುತ್ತವೆ. ಇಲ್ಲಿ ಆ ಕೆಲಸ ನಡುವೆಯೇ ನಿಂತಿರುತ್ತದೆ. ಅಂಡಾಶಯಗಳು ಬೇರೆಯೇ ಮೂಲದಿಂದ ಬೆಳೆಯುವುದರಿಂದ ಅವಕ್ಕೆ ಧಕ್ಕೆಯಿಲ್ಲ. ಹಾರ್ಮೋನುಗಳು ಸರಿಯಾಗಿ ಒಸರುತ್ತವೆ, ಮೈ ತುಂಬಿಕೊಳ್ಳುತ್ತದೆ. ಆಕೆ ಎಲ್ಲ ರೀತಿಯಲ್ಲೂ ಹೆಣ್ಣೇ. ಗ್ರಹಣದ ದಿನ ತಾಯಿ ಹೊರಗೆ ಬಂದಿದ್ದಕ್ಕೆ, ಏನೋ ತಿಂದಿದ್ದಕ್ಕೆ ಹೀಗಾಯಿತೆಂದು ಅತ್ತೆ-ಸೊಸೆ ಜಗಳವಾಡಬೇಕಿಲ್ಲ.

ಮುಟ್ಟು ಬರಿಸುವ ಮಾತ್ರೆಯನ್ನು ಅಂಗಡಿಯಿಂದ ತಂದು ವರ್ಷಗಟ್ಟಲೆ ನುಂಗಿಸುವುದು ವ್ಯರ್ಥ. ಗರ್ಭಕೋಶವೇ ಇಲ್ಲದ ಮೇಲೆ ಮುಟ್ಟು ಬರುವುದೆಲ್ಲಿಂದ?

ಇನ್ನೊಂದು ಸ್ಥಿತಿಯನ್ನು ಇದರೊಂದಿಗೆ ಬೆರೆಸಬಾರದು. ಮುಟ್ಟಿಲ್ಲ, ಆದರೆ ತಿಂಗಳಿಗೊಮ್ಮೆ ಕಿಬ್ಬೊಟ್ಟೆ ಹಿಂಡಿದಂತೆ ನೋವು. ಅಲ್ಲಿ ಗರ್ಭಕೋಶ ಇರುತ್ತದೆ. ಹೊರದಾರಿಗೆ ಪೊರೆ ಅಡ್ಡವಾಗಿ ರಕ್ತ ಒಳಗೇ ತುಂಬಿಕೊಂಡಿರಬಹುದು. ಅಂಥ ಪೊರೆಯಾದರೆ ಸಣ್ಣ ಶಸ್ತ್ರಚಿಕಿತ್ಸೆಯಿಂದ ಸರಿಹೋಗುತ್ತದೆ, ತಡಮಾಡಬಾರದು.

“ಮದುವೆ ಮಾಡಿದರೆ ಎಲ್ಲಾ ಸರಿಯಾಗುತ್ತೆ” ಎನ್ನುವ ಹಿರಿಯರಿದ್ದಾರೆ. ಆಗುವುದಿಲ್ಲ. ಮುಚ್ಚಿಟ್ಟು ಮದುವೆ ಮಾಡಿದರೆ ನಾಲ್ಕು ಜನರ ಮುಂದೆ ತಲೆತಗ್ಗಿಸಿ ನಿಲ್ಲಬೇಕಾದವಳು ಆ ಹುಡುಗಿ. ವರದಿ ಬಂದ ದಿನವೇ ವೈದ್ಯರ ಎದುರು ಮಗಳನ್ನೂ ಕೂರಿಸಿ, ವಿಷಯವನ್ನು ಅವಳಿಗೇ ಮೊದಲು ತಿಳಿಸಿ. ಯೋನಿ ಗಿಡ್ಡವಾಗಿರುವುದಕ್ಕೆ ಚಿಕಿತ್ಸೆಯುಂಟು. ಅನೇಕರಿಗೆ ಶಸ್ತ್ರಚಿಕಿತ್ಸೆಯೂ ಬೇಡ. ದಿನವೂ ಮನೆಯಲ್ಲೇ ಮಾಡಿಕೊಳ್ಳುವ ಹಿಗ್ಗಿಸುವ ಕ್ರಮ ಸಾಕಾಗುತ್ತದೆ. ಆದರೆ ಅದನ್ನು ಆರಂಭಿಸುವುದು ಅವಳು ಬೆಳೆದು, ತಾನಾಗಿ ಬೇಕೆಂದಾಗ. ತಾಯಿಯ ಆತುರಕ್ಕಲ್ಲ.

ಮಕ್ಕಳ ಮಾತು? ದತ್ತು ಪಡೆಯಬಹುದು. ಆಕೆಯದೇ ಅಂಡಾಣುವಿನಿಂದ ಬಾಡಿಗೆ ತಾಯ್ತನಕ್ಕೆ 2021ರ ಕಾಯಿದೆಯಲ್ಲಿ ಅವಕಾಶವಿದೆ. ಗರ್ಭಕೋಶ ಇಲ್ಲದಿರುವುದನ್ನು ನಿಯಮಗಳೇ ಕಾರಣವಾಗಿ ಹೆಸರಿಸಿವೆ. ಹೆರುವವಳಿಗೆ ಹಣ ಕೊಡುವಂತಿಲ್ಲ, ಹಾಗಾಗಿ ‘ಬಾಡಿಗೆ’ ಎಂಬ ಮಾತೇ ಈಗ ಸರಿಯಲ್ಲ. ಸ್ವೀಡನ್ನಿನಲ್ಲಿ 2014ರಲ್ಲಿ, ಕಸಿ ಮಾಡಿದ ಗರ್ಭಕೋಶದಿಂದ ಮೊದಲ ಮಗು ಹುಟ್ಟಿತು. ಆ ತಾಯಿಗೆ ಹುಟ್ಟಿನಿಂದ ಗರ್ಭಕೋಶವಿರಲಿಲ್ಲ. ನಮ್ಮ ದೇಶದ ಮೊದಲ ಕಸಿ 2017ರಲ್ಲಿ ಪುಣೆಯಲ್ಲಿ ನಡೆಯಿತು. ಅದು ದುಬಾರಿ, ಅಪಾಯವೂ ಉಂಟು.

ಬಳ್ಳಾರಿ, ದಾವಣಗೆರೆಯ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಹೋದಾಗ ಮೂತ್ರಪಿಂಡಗಳನ್ನೂ ನೋಡಲು ಕೇಳಿ. ಎಂ.ಆರ್.ಕೆ.ಎಚ್. ಇರುವವರಲ್ಲಿ ಸುಮಾರು ಮೂರನೇ ಒಂದು ಪಾಲಿಗೆ ಮೂತ್ರಪಿಂಡ ಒಂದೇ ಇರುವುದು, ಜಾಗ ತಪ್ಪಿರುವುದು ಉಂಟು. ಕೆಲವರಿಗೆ ಬೆನ್ನೆಲುಬು, ಕಿವಿಯ ತೊಂದರೆ. ಆ ವರದಿಯನ್ನು ಮಾರ್ಕ್ಸ್ ಕಾರ್ಡಿನ ಜೊತೆಗೇ ಜೋಪಾನವಾಗಿಡಿ. ಮುಂದೆ ಯಾವ ಕಾಯಿಲೆಗೆ ಯಾವ ವೈದ್ಯರ ಬಳಿ ಹೋದರೂ ಅದನ್ನು ಮೊದಲು ತೋರಿಸಬೇಕು.