ಹೊಸ ಉದ್ಯೋಗಕ್ಕೆ ಮುನ್ನ ಒಂದು ಸಮ್ಮೇಲನ

ನಮ್ಮ ಶಾಲೆಯಲ್ಲಿ ಓದಿ, ಕಾಲೇಜುಗಳನ್ನು ದಾಟಿ, ಈಗ ಬೆಂಗಳೂರಿನಲ್ಲಿಯೂ ಪರದೇಶಗಳಲ್ಲಿಯೂ ಸಾಫ್ಟ್‌ವೇರ್ ಉದ್ಯೋಗದಲ್ಲಿರುವ ಸೋದರಿಯರು ಅನೇಕರು. ಪ್ರಥಮ ನೇಮಕದ ಪತ್ರವು ಕೈಸೇರಿದ ಮೇಲೆ, ಅಥವಾ ಒಂದು ಕಂಪೆನಿಯನ್ನು ಬಿಟ್ಟು ಇನ್ನೊಂದನ್ನು ಸೇರುವುದರೊಳಗೆ, ಇವರಿಗೆ ಕೆಲವು ವಾರಗಳ ಬಿಡುವು ದೊರೆಯುವುದುಂಟು. ಬಟ್ಟೆಬರೆಗಳನ್ನು ಕೊಳ್ಳುವುದು, ಅಜ್ಜಿಯ ಮನೆಗೆ ಹೋಗಿಬರುವುದು, ವಸತಿಯನ್ನು ಗೊತ್ತುಮಾಡುವುದು, ಇವೆಲ್ಲವೂ ಆಗ ನಡೆಯತಕ್ಕವೇ. ಆದರೆ ಆ ಬಿಡುವಿನಲ್ಲಿ ಎರಡು ದಿವಸಗಳನ್ನು ಸಾಫ್ಟ್‌ವೇರ್ ರಚಿಸುವವರ ಒಂದು ಸಮ್ಮೇಲನಕ್ಕಾಗಿ ಮೀಸಲಿಡಬೇಕು, ತಂದೆತಾಯಿಗಳು ಸಂತೋಷದಿಂದ ಕಳುಹಿಸಿಕೊಡಬೇಕು ಎಂಬುದು ನಮ್ಮ ಅಭಿಪ್ರಾಯ.

ಇಂತಹ ಸಮ್ಮೇಲನವೆಂದರೇನೆಂದು ಹಿರಿಯರು ಕೇಳಬಹುದು. ದೃಷ್ಟಾಂತಕ್ಕೆ ಪೈಕಾನ್ ಇಂಡಿಯಾವನ್ನು ತೆಗೆದುಕೊಳ್ಳೋಣ. ಹಾಲೆಂಡಿನ ಗ್ವೀಡೋ ವಾನ್ ರಾಸಮ್ ಎಂಬವರು 1991ರಲ್ಲಿ ಲೋಕದ ಮುಂದಿಟ್ಟ ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯನ್ನು ಬಳಸುವವರ ಕೂಟವಿದು. ಇದರ ಪ್ರಥಮ ಅಧಿವೇಶನವು 2009ರಲ್ಲಿ ಬೆಂಗಳೂರಿನಲ್ಲಿಯೇ ನೆರವೇರಿತು. ಇದನ್ನು ನಡಿಸುವವರು ಸ್ವಯಂಸೇವಕರು. ಉಪನ್ಯಾಸಗಳಲ್ಲದೆ, ಕೈಯಾರೆ ಮಾಡಿ ಕಲಿಯುವ ಕಾರ್ಯಶಾಲೆಗಳೂ, ಐದೇ ನಿಮಿಷಗಳಲ್ಲಿ ಮುಗಿಸತಕ್ಕ ಕಿರುಭಾಷಣಗಳೂ ಇಲ್ಲಿರುತ್ತವೆ.

ಇದಕ್ಕೆ ಬರುವ ಮೊದಲನೆಯ ಆಕ್ಷೇಪವು, ಆ ಉಪನ್ಯಾಸಗಳನ್ನು ಮನೆಯಲ್ಲಿ ಕುಳಿತು ಇಂಟರ್‌ನೆಟ್ಟಿನಲ್ಲಿ ನೋಡಬಹುದಲ್ಲಾ ಎಂಬುದು. ನಿಜ, ಅನೇಕ ಉಪನ್ಯಾಸಗಳು ಹಾಗೆ ದೊರೆಯುತ್ತವೆ. ಆದರೆ ಊಟದ ಸಾಲಿನಲ್ಲಿಯೂ ಪಡಸಾಲೆಯಲ್ಲಿಯೂ ನಡೆಯುವ ಸಂಭಾಷಣೆಯು ದೊರೆಯುವುದಿಲ್ಲ. ಹತ್ತು ವರ್ಷ ದುಡಿದವಳೊಬ್ಬಳು ತನ್ನ ಕೆಲಸವು ಎಲ್ಲಿ ಕೆಟ್ಟಿತು, ಹೇಗೆ ಸರಿಪಡಿಸಿದೆನು ಎಂದು ಹೇಳುವುದನ್ನು ಎದುರಿಗೆ ನಿಂತು ಕೇಳಿದ ಹುಡುಗಿಗೆ, ಹೊಸ ಕಚೇರಿಯಲ್ಲಿ ಪ್ರಶ್ನೆ ಕೇಳಲು ನಾಲಿಗೆ ತಡವರಿಸುವುದಿಲ್ಲ.

ಎರಡನೆಯ ಆಕ್ಷೇಪವು, ಕೆಲಸಕ್ಕೆ ಸೇರಿದ ಮೇಲೆ ಕಂಪೆನಿಯೇ ಕಳುಹಿಸೀತು ಎಂಬುದು. ಕಳುಹಿಸಿದರೆ ಒಳ್ಳೆಯದು, ಆದರೆ ಹೊಸಬಳ ಸರದಿಯು ಬೇಗ ಬರುವುದೆಂದು ನಂಬುವಂತಿಲ್ಲ. ಬಂದಾಗಲೂ ಆಕೆಯು ಕಂಪೆನಿಯ ಪರವಾಗಿ ಹೋಗುವಳು. ಎರಡು ಉದ್ಯೋಗಗಳ ನಡುವಣ ಬಿಡುವಿನಲ್ಲಾದರೋ, ಕೊರಳಿನ ಚೀಟಿಯಲ್ಲಿ ತನ್ನ ಹೆಸರೊಂದನ್ನೇ ಬರೆದುಕೊಂಡು ಹೋಗಬಹುದು. ತನ್ನ ವಿದ್ಯೆಯು ಸಂಬಳ ಕೊಡುವ ಮನೆಗಿಂತ ದೊಡ್ಡದೆಂದು ತಿಳಿಯುವುದಕ್ಕೆ ಇದಕ್ಕಿಂತ ತಕ್ಕ ಸಮಯವು ಬೇರೆ ಇಲ್ಲ.

ಹೆಣ್ಣುಮಕ್ಕಳಿಗೆ ಈ ತಿಳಿವಳಿಕೆಯು ವಿಶೇಷವಾಗಿ ಅವಶ್ಯ. ಕಂಪೆನಿಗಳು ಒಮ್ಮೊಮ್ಮೆ ನೂರಾರು ಜನರನ್ನು ಒಂದೇ ದಿನದಲ್ಲಿ ಕೆಲಸದಿಂದ ಬಿಡಿಸುವುದನ್ನು ನಾವು ಕಂಡಿದ್ದೇವೆ. ಹೆರಿಗೆಗಾಗಿ, ಇಲ್ಲವೆ ಅತ್ತೆಮಾವಂದಿರ ಶುಶ್ರೂಷೆಗಾಗಿ ಕೆಲಸ ಬಿಟ್ಟವರು ಮೂರು ವರ್ಷಗಳ ಮೇಲೆ ಹಿಂದಿರುಗಬಯಸುವುದೂ ಉಂಟು. ಆಗ ಕಚೇರಿಯ ಹೊರಗೆ ಒಬ್ಬರನ್ನೂ ಅರಿಯದವಳು ಯಾರ ಬಾಗಿಲನ್ನು ತಟ್ಟಬೇಕು? ಗಂಡಸರು ಇಂತಹ ಪರಿಚಯಗಳನ್ನು ಸಂಜೆಯ ಚಹದಂಗಡಿಯಲ್ಲಿಯಾದರೂ ಸಂಪಾದಿಸುತ್ತಾರೆ. ಕೆಲಸ ಮುಗಿಯುತ್ತಲೇ ಮನೆಗೆ ಧಾವಿಸಬೇಕಾದವಳಿಗೆ ಆ ಅವಕಾಶವೆಲ್ಲಿ?

ಅಲ್ಲಿ ಸ್ತ್ರೀಯರಿಗೆ ಸ್ಥಾನವಿದೆಯೇ ಎಂಬ ಸಂದೇಹವೂ ಬೇಡ. 1952ರಲ್ಲಿಯೇ, ಒಂದು ಭಾಷೆಯಲ್ಲಿ ಬರೆದ ಆಜ್ಞೆಗಳನ್ನು ಯಂತ್ರದ ಭಾಷೆಗೆ ಇಳಿಸುವ ಕಂಪೈಲರನ್ನು ರಚಿಸಿದವರಲ್ಲಿ ಮೊದಲಿಗರೆನಿಸಿದ ಗ್ರೇಸ್ ಹಾಪರ್ ಸ್ತ್ರೀಯೇ. ಆಕೆಯ ಹೆಸರಿನಲ್ಲಿ ಅನಿತಾ ಬೋರ್ಗ್, ಟೆಲ್ ವಿಟ್ನಿ ಎಂಬ ಇಬ್ಬರು ಮಹಿಳೆಯರು 1994ರಲ್ಲಿ ವಾಷಿಂಗ್‌ಟನ್ನಿನಲ್ಲಿ ಮಹಿಳೆಯರ ಸಮ್ಮೇಲನವನ್ನು ಆರಂಭಿಸಿದರು. ಅಮೆರಿಕದ ಪೈಕಾನಿನಲ್ಲಿ 2011ರಲ್ಲಿ ನೂರು ಉಪನ್ಯಾಸಗಳಿಗೆ ಒಂದರಂತೆ ಮಾತ್ರ ಸ್ತ್ರೀಯರದಾಗಿತ್ತು. 2016ರಲ್ಲಿ ಅದು ನೂರಕ್ಕೆ ನಾಲ್ವತ್ತಕ್ಕೇರಿತು. ಸಂಘಟಕರು ಸ್ತ್ರೀಯರನ್ನು ಹುಡುಕಿ, ನೀವು ಬಂದು ಮಾತಾಡಿರಿ ಎಂದು ಕೇಳಿಕೊಂಡುದರಿಂದಲೇ ಈ ಮಾರ್ಪಾಡು ಉಂಟಾಯಿತು.

ಖರ್ಚಿನ ವಿಷಯವನ್ನು ನಾವು ಹಗುರವಾಗಿ ಎಣಿಸುವುದಿಲ್ಲ. ಪ್ರವೇಶಧನ, ಪ್ರಯಾಣ, ವಸತಿ ಎಲ್ಲವೂ ಸೇರಿದರೆ ಸಾಧಾರಣ ಕುಟುಂಬಕ್ಕೆ ಭಾರವೇ. ಆದಕಾರಣ ಹತ್ತಿರದ ಊರಿನ ಸಮ್ಮೇಲನವನ್ನೇ ಆರಿಸಬೇಕು. ಸಹಾಯಧನ ಕೊಡುವ ಸಮ್ಮೇಲನಗಳೂ ಉಂಟು, ಕೇಳಲು ನಾಚಬಾರದು. ಸಾಲ ಮಾಡಿ ಮಾತ್ರ ಹೋಗತಕ್ಕದ್ದಲ್ಲ. ಮಗಳ ಕ್ಷೇಮದ ಚಿಂತೆಯುಳ್ಳವರು, ಸಮ್ಮೇಲನದವರು ನಡತೆಯ ನಿಯಮಗಳನ್ನು ಪ್ರಕಟಿಸಿರುವರೋ, ದೂರನ್ನು ಯಾರಿಗೆ ಕೊಡಬೇಕೆಂದು ತಿಳಿಸಿರುವರೋ ಎಂದು ಮೊದಲೇ ನೋಡಿಕೊಳ್ಳಲಿ. ಅವಿಲ್ಲದ ಕಡೆಗೆ ಹೋಗದಿರುವುದೇ ಲೇಸು.

ಹೋಗುವವರಿಗೆ ಎರಡು ಮಾತು. ಕಾರ್ಯಕ್ರಮದ ಪಟ್ಟಿಯನ್ನು ಮುಂಚಿತವಾಗಿ ಓದಿ, ದಿವಸಕ್ಕೆ ಮೂರು ಉಪನ್ಯಾಸಗಳನ್ನು ಆರಿಸಿಕೊಂಡು ಉಳಿದ ವೇಳೆಯನ್ನು ಜನರಿಗೆ ಕೊಡಿರಿ. ಹಿಂದಿನ ಕಂಪೆನಿಯ ಗುಟ್ಟನ್ನಾಗಲಿ ಮುಂದಿನದರ ಒಳವಿಚಾರವನ್ನಾಗಲಿ ಬಾಯಿಬಿಡಬೇಡಿರಿ. ಅಪರಿಚಿತರ ಗುಂಪಿಗೆ ಹೇಗೆ ಸೇರುವುದೆಂದು ಅಂಜುವವರು ಎರಿಕ್ ಹೋಲ್ಶರ್ ಎಂಬವರು ಪ್ರಚುರಪಡಿಸಿದ ಒಂದು ಪದ್ಧತಿಯನ್ನು ತಿಳಿದಿರಲಿ. ಗುಂಪಾಗಿ ನಿಂತವರು, ಬಾಯ್ತೆರೆದ ಪ್ಯಾಕ್‌ಮ್ಯಾನ್ ಆಟದ ಬೊಂಬೆಯ ಹಾಗೆ, ಒಬ್ಬರು ನಿಲ್ಲುವಷ್ಟು ಎಡೆಯನ್ನು ಯಾವಾಗಲೂ ತೆರೆದಿಡಬೇಕೆಂಬುದೇ ಆ ಪದ್ಧತಿ.

ಈ ವೃತ್ತಿಯಲ್ಲಿ ಈಗಾಗಲೇ ನೆಲೆಗೊಂಡ ಹಳೆಯ ವಿದ್ಯಾರ್ಥಿನಿಯರಲ್ಲಿ ನಮ್ಮ ಬಿನ್ನಹವಿದು: ಮುಂದಿನ ಸಮ್ಮೇಲನಕ್ಕೆ ಹೊರಡುವಾಗ, ಇದೇ ಶಾಲೆಯಿಂದ ಬಂದ ಕಿರಿಯಳೊಬ್ಬಳನ್ನು ಕೇಳಿ ಸಂಗಡ ಕರೆದೊಯ್ಯಿರಿ. ಹೆತ್ತವರಲ್ಲಿಯೂ ಒಂದು ಮಾತು: ಮಗಳು ಮರಳಿ ಬಂದಾಗ ಯಾವ ಪ್ರಶಸ್ತಿಪತ್ರವನ್ನು ತಂದೆ ಎಂದು ಕೇಳಬೇಡಿರಿ, ಯಾರ ಯಾರ ಪರಿಚಯವಾಯಿತಮ್ಮಾ ಎಂದು ಕೇಳಿರಿ.