ಸಿಹಿ ಸುದ್ದಿ ಕಚೇರಿಗೆ ತಲುಪುವುದು ಯಾವಾಗ?

ಬೆಂಗಳೂರು: ಬಸಿರಿನ ಸುದ್ದಿಯನ್ನು ಮೂರು ತಿಂಗಳು ತುಂಬುವವರೆಗೆ ಹೊರಗೆ ಹೇಳಬಾರದೆಂಬುದು ನಮ್ಮ ಮನೆಗಳಲ್ಲಿ ಹಿರಿಯರು ನಡೆಸಿಕೊಂಡು ಬಂದ ರೂಢಿ. ದೃಷ್ಟಿ ತಾಗೀತೆಂಬ ಅಂಜಿಕೆ ಅದರ ಹಿಂದಿದ್ದರೂ ವೈದ್ಯರ ಲೆಕ್ಕ ಅದಕ್ಕೆ ದೂರವೇನಲ್ಲ. ಗರ್ಭಪಾತಗಳಲ್ಲಿ ಬಹುಪಾಲು ಸಂಭವಿಸುವುದು ಮೊದಲ 12 ವಾರಗಳಲ್ಲಿಯೇ. ಆದರೆ ನೌಕರಿಯಲ್ಲಿರುವ ಮಹಿಳೆಯ ಮುಂದೆ ಇನ್ನೊಂದು ಪಂಚಾಂಗವೂ ಇದೆ. ಪ್ರೊಬೇಷನ್ ಮುಗಿಯುವ ದಿನ, ಗುತ್ತಿಗೆ ನವೀಕರಣದ ತಿಂಗಳು, ಮಾರ್ಚ್-ಏಪ್ರಿಲ್‌ನ ವಾರ್ಷಿಕ ಮೌಲ್ಯಮಾಪನ, ಬಡ್ತಿ ಪಟ್ಟಿ. ಅತ್ತೆಗೆ ಹೇಳುವ ದಿನ ಒಂದಾದರೆ ಮ್ಯಾನೇಜರ್‌ಗೆ ಹೇಳುವ ದಿನ ಮತ್ತೊಂದು. ಎರಡನೆಯದನ್ನು ಗೊತ್ತುಮಾಡುವುದೇ ಕಷ್ಟ.

ಇಂತಿಷ್ಟನೇ ವಾರದೊಳಗೆ ತಿಳಿಸಲೇಬೇಕೆಂದು ಕಾನೂನು ವಿಧಿಸಿದೆಯೇ? ಇಲ್ಲ. ಬ್ರಿಟನ್‌ನಲ್ಲಿ ಹೆರಿಗೆಯ ವಾರಕ್ಕೆ ಕನಿಷ್ಠ 15 ವಾರ ಮುಂಚಿತವಾಗಿ ತಿಳಿಸಬೇಕೆಂಬ ನಿಯಮವಿದೆ. ಭಾರತದ ಕಾನೂನಿನಲ್ಲಿ ಅಂತಹ ಗಡುವಿಲ್ಲ. 1961ರ ಹೆರಿಗೆ ಸೌಲಭ್ಯ ಕಾಯ್ದೆಯಾಗಲಿ, ಅದನ್ನು ತನ್ನೊಳಗೆ ಸೇರಿಸಿಕೊಂಡು 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಾಗಲಿ ಕೇಳುವುದು ಒಂದು ನೋಟಿಸ್ ಮಾತ್ರ. ಯಾವ ದಿನದಿಂದ ರಜೆ ಎಂಬುದನ್ನು ಅದರಲ್ಲಿ ತಿಳಿಸಬೇಕು. ಆ ದಿನ ಹೆರಿಗೆಯ ನಿರೀಕ್ಷಿತ ದಿನಾಂಕಕ್ಕಿಂತ ಎಂಟು ವಾರಗಳಿಗೂ ಹಿಂದಿನದಾಗಿರಬಾರದು. ಮುಂಚೆ ಕೊಡಲಾಗದಿದ್ದರೆ ಹೆರಿಗೆಯಾದ ಮೇಲೆ ಆದಷ್ಟು ಬೇಗ ಕೊಡಬಹುದು. ನೋಟಿಸ್ ಕೊಟ್ಟಿಲ್ಲವೆಂಬ ಒಂದೇ ಕಾರಣಕ್ಕೆ ಸೌಲಭ್ಯ ಕೈತಪ್ಪುವುದಿಲ್ಲ. ಅಂದರೆ ಮೂರನೇ ತಿಂಗಳಲ್ಲಿ ಮೌನವಾಗಿರುವುದು ಕಾನೂನಿನ ಕಣ್ಣಿನಲ್ಲಿ ತಪ್ಪಲ್ಲ. ಹಲವು ಕಚೇರಿಗಳ ಎಚ್‌.ಆರ್. ವಿಭಾಗಗಳು ಇದಕ್ಕೆ ವ್ಯತಿರಿಕ್ತವಾದ ಭಾವನೆಯನ್ನು ಬೆಳೆಸಿರುವುದು ಬೇರೆ ಮಾತು.

ಈ ಮೌನದ ಹಕ್ಕನ್ನು ಸುಪ್ರೀಂ ಕೋರ್ಟ್ 1991ರಲ್ಲಿಯೇ ಎತ್ತಿಹಿಡಿದಿತ್ತು. ಭಾರತೀಯ ಜೀವ ವಿಮಾ ನಿಗಮದಲ್ಲಿ 1989ರಲ್ಲಿ ಸಹಾಯಕಿಯಾಗಿ ನೇಮಕಗೊಂಡ ಮಹಿಳೆಯೊಬ್ಬರು 1990ರ ಜನವರಿಯಲ್ಲಿ ಹೆತ್ತರು. ಮರುತಿಂಗಳೇ ಅವರನ್ನು ಕೆಲಸದಿಂದ ಬಿಡುಗಡೆ ಮಾಡಲಾಯಿತು. ನೇಮಕಕ್ಕೆ ಮುನ್ನ ಭರ್ತಿ ಮಾಡಿದ ನಮೂನೆಯಲ್ಲಿ ಕೊನೆಯ ಮುಟ್ಟಿನ ದಿನಾಂಕವನ್ನು ತಪ್ಪಾಗಿ ಬರೆದು ಗರ್ಭವನ್ನು ಮರೆಮಾಚಿದರೆಂಬುದು ನಿಗಮದ ಆರೋಪ. ನ್ಯಾಯಾಲಯ ಆ ಮಹಿಳೆಯ ಉತ್ತರಕ್ಕಿಂತ ನಿಗಮದ ಪ್ರಶ್ನೆಗಳನ್ನೇ ಹೆಚ್ಚು ಆಕ್ಷೇಪಿಸಿತು. ಮುಟ್ಟು ಎಂದು, ಎಷ್ಟು ಬಾರಿ ಬಸಿರಾಗಿದ್ದೀರಿ ಎಂದು ಕೇಳುವುದೇ ಮುಜುಗರದ, ಅಷ್ಟೇ ಅಲ್ಲ, ಅವಮಾನಕರ ಸಂಗತಿ ಎಂದು ಹೇಳಿ, ಆಕೆಯನ್ನು ಮರಳಿ ಸೇವೆಗೆ ತೆಗೆದುಕೊಳ್ಳುವಂತೆ ಆದೇಶಿಸಿತು. ನಮೂನೆಯಿಂದ ಆ ಕಾಲಂಗಳನ್ನು ತೆಗೆದುಹಾಕಬೇಕೆಂದೂ ಸೂಚಿಸಿತು.

ಆದರೂ ಪಾಠ ಪೂರ್ತಿ ತಲೆಗೆ ಹತ್ತಿದಂತಿಲ್ಲ. ಮೂರು ತಿಂಗಳಿಗಿಂತ ಹೆಚ್ಚು ದಿನ ತುಂಬಿದ ಗರ್ಭಿಣಿ ಅಭ್ಯರ್ಥಿಗಳು ‘ತಾತ್ಕಾಲಿಕವಾಗಿ ಅನರ್ಹರು’, ಹೆರಿಗೆಯಾಗಿ ನಾಲ್ಕು ತಿಂಗಳೊಳಗೆ ಸೇರಬಹುದು ಎಂದು ಭಾರತೀಯ ಸ್ಟೇಟ್ ಬ್ಯಾಂಕ್ 2021ರ ಡಿಸೆಂಬರ್ ಅಂತ್ಯದಲ್ಲಿ ಸುತ್ತೋಲೆ ಹೊರಡಿಸಿತ್ತು. ಅದಕ್ಕೆ ಮೊದಲು ಆರು ತಿಂಗಳವರೆಗಿನ ಗರ್ಭಿಣಿಯರು ಸೇರಲು ಅವಕಾಶವಿತ್ತು. ದೆಹಲಿ ಮಹಿಳಾ ಆಯೋಗ ನೋಟಿಸ್ ನೀಡಿ, ದೇಶದಾದ್ಯಂತ ಟೀಕೆ ವ್ಯಕ್ತವಾದ ಮೇಲೆ 2022ರ ಜನವರಿ 29ರಂದು ಬ್ಯಾಂಕ್ ಹಿಂದೆ ಸರಿಯಿತು. ದೇಶದ ಅತಿ ದೊಡ್ಡ ಬ್ಯಾಂಕಿನ ಧೋರಣೆಯೇ ಹೀಗಿದ್ದ ಮೇಲೆ ಹತ್ತು ಜನರಿರುವ ನವೋದ್ಯಮದ ಮಾಲೀಕನಿಂದ ಏನನ್ನು ನಿರೀಕ್ಷಿಸಬಹುದು?

ಬಾಯಿಮಾತಿಗೆ ಬೆಲೆಯಿಲ್ಲ

ಹಾಗಾದರೆ ಏಳನೇ ತಿಂಗಳವರೆಗೆ ಸುಮ್ಮನಿರುವುದೇ ಲೇಸೆ? ವಿಷಯ ಅಷ್ಟು ಸರಳವಲ್ಲ. ಗರ್ಭಿಣಿಯಾಗಿದ್ದಾಗ ಕೆಲಸದಿಂದ ತೆಗೆದುಹಾಕಿದರೂ, ತೆಗೆಯದಿದ್ದಲ್ಲಿ ಆಕೆಗೆ ಸಿಗಬೇಕಿದ್ದ ಹೆರಿಗೆ ಸೌಲಭ್ಯ ತಪ್ಪುವುದಿಲ್ಲ ಎನ್ನುತ್ತದೆ ಕಾನೂನು. ಹೆರಿಗೆ ರಜೆಯಲ್ಲಿರುವಾಗ ವಜಾ ಮಾಡುವುದಂತೂ ಕಾನೂನುಬಾಹಿರ. ಆದರೆ ಯಾವ ಸಂಸ್ಥೆಯೂ ‘ಗರ್ಭಿಣಿಯಾದ ಕಾರಣ’ ಎಂದು ಪತ್ರದಲ್ಲಿ ಬರೆಯುವುದಿಲ್ಲ. ಬರೆಯುವುದು ‘ಕಾರ್ಯಕ್ಷಮತೆ ತೃಪ್ತಿಕರವಾಗಿಲ್ಲ’ ಎಂದು. ಆಗ ಏಳುವ ಮೊದಲ ಪ್ರಶ್ನೆ, ವಿಷಯ ಸಂಸ್ಥೆಗೆ ಗೊತ್ತಿತ್ತೇ ಎಂಬುದು. ಗೊತ್ತೇ ಇರಲಿಲ್ಲ ಎಂಬ ಉತ್ತರಕ್ಕೆ ಎದುರಾಗಿ ಮಹಿಳೆಯ ಕೈಯಲ್ಲಿ ಏನಾದರೂ ಇರಬೇಕು. ಕ್ಯಾಂಟೀನ್‌ನಲ್ಲಿ ಟೀಮ್ ಲೀಡ್‌ಗೆ ಹೇಳಿದ್ದು ಸಾಕ್ಷ್ಯವಾಗದು. ಆತ ಮರುವಾರ ಬೇರೆ ಕಂಪನಿಗೆ ಹೋಗಿರಲೂಬಹುದು. ಹಕ್ಕು ಗರ್ಭ ನಿಂತ ದಿನದಿಂದಲೇ ಇದ್ದರೂ ಅದನ್ನು ಸಾಬೀತುಪಡಿಸುವ ಬಲ ಬರುವುದು ಬರಹದಲ್ಲಿ ತಿಳಿಸಿದ ದಿನದಿಂದ. ಎಷ್ಟನೇ ವಾರ ಎಂಬ ಚರ್ಚೆಯಲ್ಲಿ ಮುಳುಗಿರುವವರು ಮರೆಯುವುದು ಇದನ್ನೇ. ವೈದ್ಯರ ಪ್ರಮಾಣಪತ್ರ ಲಗತ್ತಿಸಿ, ನಿರೀಕ್ಷಿತ ದಿನಾಂಕ ನಮೂದಿಸಿ, ಎಚ್‌.ಆರ್. ವಿಭಾಗಕ್ಕೆ ನಾಲ್ಕು ಸಾಲಿನ ಇ-ಮೇಲ್ ಕಳುಹಿಸಿ ಅದರ ಪ್ರತಿಯನ್ನು ಸ್ವಂತ ವಿಳಾಸದಲ್ಲೂ ಇಟ್ಟುಕೊಂಡವರ ಸ್ಥಿತಿ, ಎಂಟನೇ ವಾರದಲ್ಲೇ ಬಾಯಿಮಾತಿನಲ್ಲಿ ಹೇಳಿದವರ ಸ್ಥಿತಿಗಿಂತ ಎಷ್ಟೋ ಭದ್ರ.

ಮೌಲ್ಯಮಾಪನ ಎರಡು ವಾರ ದೂರವಿದ್ದು ಗರ್ಭ ಇನ್ನೂ ಒಂಬತ್ತನೇ ವಾರದಲ್ಲಿದ್ದರೆ ಕಾಯುವುದರಲ್ಲಿ ವಂಚನೆಯೇನೂ ಇಲ್ಲ. ಕಳೆದ ವರ್ಷದ ಕೆಲಸವನ್ನು ಬರುವ ವರ್ಷದ ರಜೆಯ ತಕ್ಕಡಿಯಲ್ಲಿ ತೂಗುವ ಚಾಳಿಗೆ ಅದು ಸಹಜ ಪ್ರತಿಕ್ರಿಯೆ.

ಕಾಯುವಿಕೆಗೆ ದೇಹ ತೆರುವ ಬೆಲೆಯೂ ಇದೆ. ವಾಕರಿಕೆ, ಸುಸ್ತು ಹೆಚ್ಚಾಗಿ ಕಾಡುವುದು ಮೊದಲ ಮೂರು ತಿಂಗಳಲ್ಲಿ, ಅಂದರೆ ಯಾರಿಗೂ ಹೇಳದ ಅವಧಿಯಲ್ಲಿ. ಹೊರವರ್ತುಲ ರಸ್ತೆಯ ವಾಹನ ದಟ್ಟಣೆಯಲ್ಲಿ ಒಂದೂವರೆ ಗಂಟೆ ಕ್ಯಾಬ್‌ನಲ್ಲಿ ಕುಳಿತು ರಾತ್ರಿ ಪಾಳಿಗೆ ಹೋಗುವ ಯುವತಿ ಪಾಳಿ ಬದಲಿಸಿ ಎಂದು ಕೇಳಬೇಕಾದರೆ ಕಾರಣ ಹೇಳಲೇಬೇಕು. ಶ್ರಮದ ಕೆಲಸ, ಬಹುಹೊತ್ತು ನಿಂತು ಮಾಡುವ ಕೆಲಸ ಬೇಡವೆನ್ನುವ ಹಕ್ಕನ್ನು ಕಾನೂನು ಕೊಟ್ಟಿರುವುದು ಹೆರಿಗೆಗೆ ಸುಮಾರು ಹತ್ತು ವಾರ ಇರುವಾಗಿನಿಂದ ಮಾತ್ರ. ಅದಕ್ಕೆ ಮೊದಲು ಒದಗುವುದು, ಗರ್ಭದಿಂದ ಉಂಟಾದ ಕಾಯಿಲೆಗೆ ಪುರಾವೆ ನೀಡಿದರೆ ಸಿಗುವ ಗರಿಷ್ಠ ಒಂದು ತಿಂಗಳ ವೇತನಸಹಿತ ರಜೆ. ಇನ್ನೂ ಕ್ರೂರವಾದದ್ದು ಗರ್ಭಪಾತದ ಸಂದರ್ಭ. ಆಗ ಆರು ವಾರಗಳ ವೇತನಸಹಿತ ರಜೆಗೆ ಮಹಿಳೆ ಅರ್ಹಳು. ಆದರೆ ಅದೇ ಭಯದಿಂದ ಸುದ್ದಿಯನ್ನು ಬಚ್ಚಿಟ್ಟವಳು ರಜೆ ಬೇಕಾದರೆ ಬಸಿರು, ನಷ್ಟ ಎರಡನ್ನೂ ಒಂದೇ ಪತ್ರದಲ್ಲಿ ತಿಳಿಸಬೇಕಾಗುತ್ತದೆ. ಬಹಳ ಮಂದಿ ಜ್ವರವೆಂದು ಬರೆದು ಮೂರನೇ ದಿನ ಕೆಲಸಕ್ಕೆ ಮರಳುವುದು ಈ ಕಾರಣಕ್ಕೆ.

ಕಾಯಲೇಬಾರದ ಕೆಲಸಗಳೂ ಇವೆ. ಆಸ್ಪತ್ರೆಯ ಎಕ್ಸ್-ರೇ, ಸಿ.ಟಿ. ಸ್ಕ್ಯಾನ್, ಕ್ಯಾಥ್‌ಲ್ಯಾಬ್ ವಿಭಾಗಗಳಲ್ಲಿ ಇರುವವರು ಗರ್ಭ ಖಚಿತವಾದ ಕೂಡಲೇ ತಿಳಿಸಬೇಕು. ತಿಳಿಸಿದ ನಂತರದ ಅವಧಿಯಲ್ಲಿ ಭ್ರೂಣಕ್ಕೆ ತಗಲುವ ವಿಕಿರಣ 1 ಮಿಲಿಸೀವರ್ಟ್ ಮೀರಬಾರದೆಂಬುದು ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಮಿತಿ. ಕ್ಯಾನ್ಸರ್ ಔಷಧ ಬೆರೆಸುವ ದಾದಿಯರಿಗೂ ವಿಳಂಬ ಸಲ್ಲದು. ಇಲ್ಲಿ ಮೌಲ್ಯಮಾಪನ, ಬಡ್ತಿಯ ಲೆಕ್ಕಾಚಾರ ಹಿಂದಕ್ಕೆ ಸರಿಯಬೇಕು.

ಪೀಣ್ಯದಲ್ಲಿ ಬೇರೆ ಲೆಕ್ಕ

ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆಯ ಸಿದ್ಧ ಉಡುಪು ಕಾರ್ಖಾನೆಗಳಲ್ಲಿ ಸುದ್ದಿ ಇ-ಮೇಲ್ ಮೂಲಕ ಹೋಗುವುದಿಲ್ಲ. ಸೂಪರ್‌ವೈಸರ್ ಕಿವಿಗೆ ಹೋಗುತ್ತದೆ. ಗಂಟೆಗಿಷ್ಟು ಪೀಸು ಎಂಬ ಟಾರ್ಗೆಟ್‌ನ ಲೈನಿನಲ್ಲಿ ಪದೇ ಪದೇ ಶೌಚಾಲಯಕ್ಕೆ ಎದ್ದುಹೋಗುವವಳ ಗುಟ್ಟು ಬಹುದಿನ ಉಳಿಯುವುದೂ ಇಲ್ಲ. ಇಎಸ್‌ಐ ವ್ಯಾಪ್ತಿಯ ಕಾರ್ಮಿಕರಿಗೆ 26 ವಾರಗಳ ಹೆರಿಗೆ ಭತ್ಯೆಯನ್ನು ನೀಡುವುದು ಮಾಲೀಕನಲ್ಲ, ನಿಗಮ. ಹಿಂದಿನ ಎರಡು ವಂತಿಗೆ ಅವಧಿಗಳಲ್ಲಿ ಕನಿಷ್ಠ 70 ದಿನಗಳ ವಂತಿಗೆ ಕಟ್ಟಿರಬೇಕು. ಕಾರ್ಖಾನೆಯಿಂದ ಕಾರ್ಖಾನೆಗೆ ಬದಲಾಗುವ ಹೆಣ್ಣುಮಕ್ಕಳು ಎಡವುವುದು ಈ ಲೆಕ್ಕದಲ್ಲಿ. ಹಾಗಾಗಿ ಅವರ ಪಾಲಿಗೆ ‘ಯಾವಾಗ ಹೇಳಲಿ’ ಎನ್ನುವುದಕ್ಕಿಂತ ‘ವಂತಿಗೆ ಕಟ್ಟಿದ್ದಾರೆಯೇ’ ಎಂಬುದು ಮೊದಲ ಪ್ರಶ್ನೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪಡೆದ ತಾಯಿ ಕಾರ್ಡ್‌ನಲ್ಲಿ ನಿರೀಕ್ಷಿತ ದಿನಾಂಕ ನಮೂದಾಗಿರುತ್ತದೆ. ಅದರ ನಕಲನ್ನು ಅರ್ಜಿಯೊಂದಿಗೆ ಕೊಟ್ಟು, ಇನ್ನೊಂದು ಪ್ರತಿಯ ಮೇಲೆ ಸ್ವೀಕೃತಿ ಸಹಿ ಪಡೆದರೆ ಅವರಿಗೆ ಅದೇ ಇ-ಮೇಲ್.

ಇಎಸ್‌ಐ ಇಲ್ಲದ ಕಡೆ ನಿರೀಕ್ಷಿತ ಹೆರಿಗೆಗೆ ಹಿಂದಿನ 12 ತಿಂಗಳಲ್ಲಿ 80 ದಿನ ಕೆಲಸ ಮಾಡಿರಬೇಕು. ವಾರಕ್ಕೆ ಐದು ದಿನದ ಕಚೇರಿಯಲ್ಲಿ ಅದು 16 ವಾರ. ನಾಲ್ಕನೇ ತಿಂಗಳಿನಲ್ಲಿ ಹೊಸ ಕೆಲಸಕ್ಕೆ ಸೇರಿದವರೂ ಅರ್ಹತೆ ಗಳಿಸಬಲ್ಲರು. ದಿನಗೂಲಿ ನೌಕರರೂ ಹೆರಿಗೆ ಸೌಲಭ್ಯಕ್ಕೆ ಅರ್ಹರೆಂದು 2000ದಲ್ಲಿ ದೆಹಲಿ ಮಹಾನಗರ ಪಾಲಿಕೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಗುತ್ತಿಗೆಯ ಅವಧಿ ಮುಗಿದರೂ ಸೌಲಭ್ಯ ಮುಂದುವರಿಯಬೇಕೆಂದು 2023ರ ಆಗಸ್ಟ್‌ನಲ್ಲಿ ತೀರ್ಪಿತ್ತಿತು.

ಇಷ್ಟೆಲ್ಲ ಇದ್ದೂ ಸುದ್ದಿ ಹೇಳಲು ಹೆಣ್ಣುಮಕ್ಕಳು ಏಕೆ ಹಿಂಜರಿಯುತ್ತಾರೆ? ಉತ್ತರ ಹಣದಲ್ಲಿದೆ. 2017ರ ಏಪ್ರಿಲ್‌ನಲ್ಲಿ ರಜೆ 12 ವಾರಗಳಿಂದ 26ಕ್ಕೆ ಏರಿತು. ಮೊದಲ ಎರಡು ಮಕ್ಕಳಿಗೆ ಸಿಗುವ ಈ ರಜೆಯ ವೇತನವನ್ನು ಇಎಸ್‌ಐ ಹೊರಗಿನ ಸಂಸ್ಥೆಗಳಲ್ಲಿ ಪೂರ್ತಿಯಾಗಿ ಭರಿಸುವವನು ಮಾಲೀಕ. ಹೀಗಾಗಿ ಪ್ರತಿಯೊಬ್ಬ ಗರ್ಭಿಣಿಯೂ ಆತನ ಲೆಕ್ಕಪುಸ್ತಕದಲ್ಲಿ ಒಂದು ಖರ್ಚಿನ ಬಾಬತ್ತು. ತಿಂಗಳಿಗೆ 15 ಸಾವಿರ ರೂಪಾಯಿವರೆಗೆ ವೇತನ ಪಡೆಯುವ ಮಹಿಳೆಯರ ಏಳು ವಾರಗಳ ಸಂಬಳವನ್ನು ಸರ್ಕಾರವೇ ಮಾಲೀಕರಿಗೆ ಮರಳಿಸುವ ಯೋಜನೆಯೊಂದು ಸಿದ್ಧವಾಗುತ್ತಿದೆ ಎಂದು ಕೇಂದ್ರ ಕಾರ್ಮಿಕ ಸಚಿವಾಲಯ 2018ರ ನವೆಂಬರ್‌ನಲ್ಲಿ ಪ್ರಕಟಿಸಿತ್ತು. ಈಗ ಜಾರಿಯಲ್ಲಿರುವ ಸಂಹಿತೆಯಲ್ಲಿಯೂ ಇಎಸ್‌ಐ ಹೊರಗಿನ 26 ವಾರಗಳ ವೇತನದ ಹೊಣೆಯನ್ನು ಹೊರಿಸಿರುವುದು ಮಾಲೀಕನ ಮೇಲೆಯೇ.