ಹಿತ್ತಲ ಹೆಗ್ಗಣ

ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪರರ ಎಲೆಯ ನೊಣವನ್ನು ಎತ್ತಿ ತೋರುವವನ ಗಾದೆ ಎಲ್ಲರಿಗೂ ತಿಳಿದುದೇ. ಆ ಹೆಗ್ಗಣವು ಮಳೆಗಾಲದಲ್ಲಿ ಅನೇಕ ಸದ್ಭಕ್ತರ ಹಿತ್ತಲಿಗೆ ನಿಜವಾಗಿಯೇ ಬರುತ್ತದೆ. ಗೆಣಸಿನ ಮಡಿಯನ್ನು ಬಗೆಯುತ್ತದೆ, ಬಚ್ಚಲ ಗೋಡೆಯ ಬುಡದಲ್ಲಿ ಮಣ್ಣಿನ ಗುಡ್ಡೆ ಹಾಕುತ್ತದೆ. ಕೊಲ್ಲದೆ ಇದನ್ನು ದೂರವಿಡುವ ಬಗೆ ಉಂಟೆ ಎಂದು ತಾಯಿಯೊಬ್ಬರು ಕೇಳಿದ್ದಾರೆ. ಉತ್ತರಿಸುವ ಮೊದಲು ನನ್ನ ತಪ್ಪೊಂದನ್ನು ನಿವೇದಿಸಬೇಕು.

ಕೆಲವು ವರ್ಷಗಳ ಹಿಂದೆ ನಮ್ಮ ಹಿತ್ತಲಿನ ಬಿಲ್ವದ ಸಸಿಯ ಬೇರನ್ನು ಹೆಗ್ಗಣ ಕಡಿದಾಗ, ಸಿಟ್ಟಿನಿಂದ ಅಂಗಡಿಯ ಪಾಷಾಣ ತಂದು, ಹಿಟ್ಟಿನಲ್ಲಿ ಬೆರೆಸಿ ಉಂಡೆ ಕಟ್ಟಿ ಬಿಲದ ಬಾಯಲ್ಲಿಟ್ಟೆ. ಮರುದಿನ ಮುಂಜಾನೆ ಆ ಉಂಡೆ ಬಿಲದಲ್ಲಿರಲಿಲ್ಲ. ಮೂರು ವರ್ಷದ ಮೊಮ್ಮಗನ ಕೈಯಲ್ಲಿತ್ತು. ಸೊಸೆ ಓಡಿಬಂದು ಕಸಿದೆಸೆದಳು. "ಮಾವನವರೇ, ಇದನ್ನು ಇಟ್ಟವರು ಯಾರು?" ಎಂದು ಕೇಳಿದಳು. ಮಠದಲ್ಲಿ ಕಲಿತು, ಹತ್ತು ಊರುಗಳಲ್ಲಿ ದಯೆಯನ್ನು ಕುರಿತು ಪ್ರವಚನ ಮಾಡಿದ ನಾನು ತಲೆ ತಗ್ಗಿಸಿ ನಿಂತೆ.

ಇಲಿಪಾಷಾಣವೆಂದು ಮಾರುವ ಜಿಂಕ್ ಫಾಸ್ಫೈಡ್ ಹೊಟ್ಟೆಯ ಆಮ್ಲದೊಡನೆ ಸೇರಿ ವಿಷಾನಿಲವಾಗುತ್ತದೆ; ಅದಕ್ಕೆ ಪ್ರತ್ಯೌಷಧವಿಲ್ಲ. ರಕ್ತ ಹೆಪ್ಪುಗಟ್ಟದಂತೆ ಮಾಡುವ ಬೇರೆ ವಿಷಗಳನ್ನು ತಿಂದ ಇಲಿಯಾದರೋ ಕೆಲವು ದಿನ ತೂರಾಡಿ ಸಾಯುತ್ತದೆ. ಅದನ್ನು ಹಿಡಿದು ತಿಂದ ಗೂಬೆಗೂ ಆ ವಿಷ ಏರುತ್ತದೆ. ಗೂಬೆ, ಕೇರೆಹಾವು, ಮುಂಗುಸಿಗಳು ಹೆಗ್ಗಣದ ಸಂತತಿಯನ್ನು ಮಿತಿಯಲ್ಲಿಡುವ ಜೀವಿಗಳು. ಶಕುನಗಳನ್ನು ಅಲ್ಲಗಳೆದ ಶರಣರ ಮಕ್ಕಳಾದ ನಾವು ಗೂಬೆಯನ್ನು ಅಪಶಕುನವೆಂದು ಕಲ್ಲೆಸೆದು ಓಡಿಸುವುದು ಸಲ್ಲದು.

ಹೆಗ್ಗಣದ ಇಂಗ್ಲಿಷ್ ಹೆಸರಾದ ಬ್ಯಾಂಡಿಕೂಟ್ ಎಂಬುದು ತೆಲುಗಿನ 'ಪಂದಿಕೊಕ್ಕು' ಶಬ್ದದಿಂದ ಬಂದುದು. ಹಂದಿಯಂತಹ ಇಲಿ ಎಂದು ಅದರ ಅರ್ಥ. ಹೆಸರಿಗೆ ತಕ್ಕಂತೆ ರಾತ್ರಿಯೆಲ್ಲ ನೆಲ ಬಗೆದು ಗೆಡ್ಡೆ, ಕಾಳು, ಹುಳು, ಎಂಜಲು ಎಲ್ಲವನ್ನೂ ತಿನ್ನುತ್ತದೆ. ಆಹಾರ ಮತ್ತು ಆಶ್ರಯ ದೊರೆತಲ್ಲಿ ನೆಲೆಸುತ್ತದೆ. ಒಂದನ್ನು ಕೊಂದರೂ ಇವೆರಡೂ ಉಳಿದಿದ್ದರೆ ಮತ್ತೊಂದು ಬರುತ್ತದೆ. ಬೋನಿನಲ್ಲಿ ಹಿಡಿದು ನೆರೆಯವರ ಹೊಲದಲ್ಲಿ ಬಿಡುವುದೂ ಪರಿಹಾರವಲ್ಲ, ಅದು ತೊಂದರೆಯ ವರ್ಗಾವಣೆ ಮಾತ್ರ.

ಆದುದರಿಂದ ಮಾಡಬೇಕಾದುದು ಕೈಕಾಯಕ. ಕಾಳುಕಡಿಗಳನ್ನು ಮುಚ್ಚಳವುಳ್ಳ ತಗಡಿನ ಡಬ್ಬಗಳಲ್ಲಿಡಿರಿ. ಗೊಬ್ಬರದ ಗುಂಡಿಗೆ ಇಟ್ಟಿಗೆ ಕಟ್ಟಿಸಿ ಮೇಲೆ ಮುಚ್ಚಿರಿ. ಕಟ್ಟಿಗೆ, ಕಲ್ಲಿನ ರಾಶಿಗಳನ್ನು ಗೋಡೆಯಿಂದ ದೂರವಿಡಿರಿ. ಬಚ್ಚಲ ತೂಬಿಗೆ ಅರ್ಧ ಅಂಗುಲಕ್ಕಿಂತ ದೊಡ್ಡ ಕಣ್ಣಿಲ್ಲದ ಗಟ್ಟಿ ಜಾಲರಿ ಕೂಡಿಸಿರಿ. ಕಾಯಿಪಲ್ಲೆಯ ಮಡಿಯ ಸುತ್ತ ಅಂತಹುದೇ ತಂತಿಬಲೆಯನ್ನು ಒಂದೂವರೆ ಅಡಿ ಆಳಕ್ಕೆ ಹೂಳಿ, ಅದರ ಕೆಳಅಂಚನ್ನು ಒಂದು ಗೇಣು ಹೊರಮುಖವಾಗಿ ಬಾಗಿಸಿರಿ. ಅಗೆಯುತ್ತ ಬಂದ ಹೆಗ್ಗಣ ಬಲೆಗೆ ತಾಗಿ ಹಿಂದಿರುಗುತ್ತದೆ. ಹಳೆಯ ಬಿಲವನ್ನು ಸಂಜೆ ಹಸಿಮಣ್ಣಿನಿಂದ ಮೆತ್ತಗೆ ಮುಚ್ಚಿ ನೋಡಿರಿ. ಬೆಳಿಗ್ಗೆ ತೆರೆದಿದ್ದರೆ ಒಳಗೆ ಜೀವವಿದೆಯೆಂದು ತಿಳಿಯಬೇಕು. ಕೆಲವು ದಿನ ಹಾಗೆಯೇ ನೋಡಿ, ತೆರೆಯದೆ ಉಳಿದ ಬಿಲಕ್ಕೆ ಮಾತ್ರ ಕಲ್ಲು, ಗಾರೆ ತುಂಬಿ ಭದ್ರಪಡಿಸಿರಿ. ಈ ಕೆಲಸಕ್ಕೆ ಬರಿಗೈ, ಬರಿಗಾಲು ಬೇಡ. ಇಲಿಜ್ವರದ ರೋಗಾಣುಗಳು ಇಲಿಹೆಗ್ಗಣಗಳ ಮೂತ್ರದಿಂದ ತೇವದ ಮಣ್ಣು, ನೀರುಗಳಲ್ಲಿ ಸೇರಿ, ಚರ್ಮದ ಗಾಯದ ಮೂಲಕ ಮೈಹೊಗುತ್ತವೆ.

ಇದೆಲ್ಲಕ್ಕಿಂತ ಮಿಗಿಲಾದುದು ಇನ್ನೊಂದಿದೆ. ನಮ್ಮ ಹಿರಿಯರು ಉಂಡ ತಟ್ಟೆಯನ್ನು ತೊಳೆದು ಆ ನೀರನ್ನೂ ಕುಡಿಯುತ್ತಿದ್ದರು. ಪ್ರಸಾದದ ಒಂದಗುಳೂ ನೆಲಕ್ಕೆ ಬೀಳಬಾರದೆಂಬುದು ಅವರ ನಿಷ್ಠೆಯಾಗಿತ್ತು. ಇಂದು ನಮ್ಮ ಮನೆಗಳ ಅನ್ನಸಾರುಗಳು ಹಿತ್ತಲ ಮೂಲೆಯಲ್ಲಿ ಸುರಿದು ಹುಳಿಯುತ್ತಿವೆ. ಉಂಡೆ ಪ್ರಕರಣದ ಅನಂತರ ನಮ್ಮ ಮನೆಯಲ್ಲಿ ಹಸಿದಷ್ಟೇ ಬಡಿಸಿಕೊಳ್ಳುವ, ತಟ್ಟೆಯಲ್ಲಿ ಉಳಿಸದಿರುವ ನಿಯಮ ಮಾಡಿಕೊಂಡೆವು, ಜಾಲರಿಯನ್ನೂ ಹಾಕಿಸಿದೆವು. ಆ ಮಳೆಗಾಲ ಮುಗಿಯುವುದರೊಳಗೆ ಬಿಲ ಬರಿದಾಯಿತು. ಬಿಲ್ವದ ಸಸಿ ಈಗ ಆಳೆತ್ತರ ಬೆಳೆದಿದೆ. ಅದರ ಪತ್ರೆಯನ್ನು ಮೊಮ್ಮಗನೇ ಬಿಡಿಸಿ ತರುತ್ತಾನೆ.

ಹೆಗ್ಗಣವನ್ನು ಕರೆದವರು ನಾವೇ ಆಗಿದ್ದೆವು. ಗಾದೆ ಹೇಳುವಂತೆ ಮೊದಲು ನಮ್ಮ ಎಲೆಯನ್ನು ನೋಡಿಕೊಳ್ಳೋಣ.